ಸಮುದ್ರದ ತಳ ಮುಟ್ಟಿ ಬಂದ ತಲೆ

ಬುರುಡೆ ಭಾವ ಒಮ್ಮೆ ಹಡಗಿನ ಮೇಲೆ ನಿಂತು ಸೀನಿದ್ದಕ್ಕೆ ಭೂಮಿ ತಿರುಗುವುದನ್ನೇ ಅರೆಗಳಿಗೆ ಮರೆತಿತ್ತು. ಭೂಮಿ ತಿರುಗುವುದರಿಂದಲೇ ಬಲಕ್ಕೆ ವಾಲಿಕೊಂಡು ಹರಿಯುತ್ತಿದ್ದ ಸಮುದ್ರದ ಪ್ರವಾಹಗಳಿಗೆ ದಿಕ್ಕು ತೋಚದಂತಾಗಿ, ನೆಟ್ಟಗೆ ಹೋಗಿ ದಡಕ್ಕೆ ಹಣೆ ಚಚ್ಚಿಕೊಂಡವು. ಭಾವ ಮೂಗು ಒರೆಸಿಕೊಂಡು ಕರವಸ್ತ್ರ ಮಡಿಸಿ ಜೇಬಿಗಿಟ್ಟ ಮೇಲೆಯೇ ಭೂಮಿಗೆ ಜ್ಞಾಪಕ ಬಂದು ಮತ್ತೆ ತಿರುಗತೊಡಗಿದ್ದು. ಇದನ್ನು ಕಣ್ಣಾರೆ ಕಂಡವರು ಒಬ್ಬರೇ. ಸ್ವತಃ ಭಾವ.

ಸಮುದ್ರವನ್ನು ಅಳೆಯುವ ಹಡಗೊಂದರಲ್ಲಿ ಅವನು ಅಡುಗೆಯವನು. ಯಂತ್ರಗಳನ್ನು ಉಕ್ಕಿನ ಹಗ್ಗದಲ್ಲಿ ನೀರಿಗಿಳಿಸುವ ವಿಂಚ್ ನಡೆಸುವವನು ಅವನ ಹೆಂಡತಿಯ ತಮ್ಮ. ಆ ಭಾವಮೈದುನ ‘ಭಾವ’ ಎಂದು ಕರೆದ, ಅದು ಕ್ಯಾಪ್ಟನ್ನಿನಿಂದ ಹಿಡಿದು ನೆರೆಗೂದಲಿನ ವಿಜ್ಞಾನಿಗಳವರೆಗೆ ಎಲ್ಲರ ಬಾಯಿಗೂ ಅಂಟಿಕೊಂಡಿತು. ಮುಂದಿನ ‘ಬುರುಡೆ’ಯನ್ನು ಮಾತ್ರ ಅವನು ಸ್ವಂತ ಪರಿಶ್ರಮದಿಂದ ಗಳಿಸಿದ್ದ.

ಆ ಹಡಗಿನ ಅಡುಗೆಮನೆ ಎಷ್ಟು ಇಕ್ಕಟ್ಟೆಂದರೆ, ಒಳಗೆ ನಿಂತು ಆಕಳಿಸಬೇಕಾದರೂ ಬಾಗಿಲು ತೆರೆಯಬೇಕಿತ್ತು. ಬಾಗಿಲಾಚೆಯೇ ಊಟದ ಮೇಜು. ವಿಜ್ಞಾನಿಗಳು ಸೂಪು ಹೀರುತ್ತಾ ಆಡಿದ ಮಾತೆಲ್ಲ ಸೀದಾ ಭಾವನ ಕಿವಿಗೆ ಬೀಳುತ್ತಿತ್ತು. ಹತ್ತು ಮೀಟರ್ ಕೆಳಗಿಳಿದರೆ ನೆತ್ತಿಯ ಮೇಲೆ ಇಡೀ ವಾಯುಮಂಡಲದಷ್ಟು ಭಾರ ಇನ್ನೊಮ್ಮೆ ಬಂದು ಕೂರುತ್ತದೆ, ಇನ್ನು ಹತ್ತು ಇಳಿದರೆ ಇನ್ನೊಂದು. ಎಷ್ಟೋ ಆಳದ ಕೆಳಗೆ ಸೂರ್ಯನೆಂಬ ಆಸಾಮಿಯ ಸುದ್ದಿಯೇ ಯಾರಿಗೂ ಗೊತ್ತಿಲ್ಲ. ಅಲ್ಲಿ ಕೆಲವು ಮೀನುಗಳು ತಮ್ಮ ದೀಪವನ್ನು ತಾವೇ ಹೊತ್ತು ತಿರುಗುತ್ತವೆ. ಎಲ್ಲ ನಿಜ. ಆ ನಿಜದ ಪಕ್ಕದಲ್ಲಿ ತನ್ನನ್ನೂ ನಿಲ್ಲಿಸಿ ಬಡಿಸುವುದಷ್ಟೇ ಭಾವನ ಕೈಚಳಕ. ತಳದ ನೀರು ಹೆಚ್ಚುಕಡಿಮೆ ಮಂಜುಗಡ್ಡೆಯಷ್ಟೇ ತಣ್ಣಗಿರುತ್ತದೆ ಎಂದು ಅವರೆಂದರೆ, “ಹೌದು, ಬೆರಳು ಮರಗಟ್ಟಿಬಿಡ್ತು” ಎಂದು ಇವನು ಮನೆಯಲ್ಲಿ ಕೈಯುಜ್ಜಿಕೊಳ್ಳುತ್ತಿದ್ದ.

ದಡದಲ್ಲಿದ್ದಾಗ ಭಾವ ಮನೆಅಳಿಯ. ಕೆಳಗೆ ಅತ್ತೆಯ ವಿಗ್ ಅಂಗಡಿ, ಮೇಲೆ ಮನೆ. ಅಂಗಡಿಯ ಮೇಲಿನ ಹಲಗೆಯುದ್ದಕ್ಕೂ ಕಣ್ಣಿಲ್ಲದ, ಕೂದಲಿಲ್ಲದ ಬಿಳಿ ಥರ್ಮೋಕೋಲ್ ತಲೆಗಳು, ಕ್ಷೌರದಂಗಡಿಯಲ್ಲಿ ಸರದಿಗೆ ಕಾದವರಂತೆ ಸಾಲಾಗಿ ಕೂತಿದ್ದವು. ಅತ್ತೆ ಸಣ್ಣ ಕೊಕ್ಕೆಸೂಜಿ ಹಿಡಿದು, ತೆಳುವಾದ ಬಲೆಗೆ ಒಂದೊಂದೇ ಕೂದಲನ್ನು ಗಂಟು ಹಾಕುತ್ತಿದ್ದರು. ಅವರ ತಾಳ್ಮೆ ನೋಡಿ ಗಡಿಯಾರವೇ ಬೇಸತ್ತು ಎರಡು ಸಲ ನಿಂತುಹೋಗಿತ್ತು.

ಹಡಗಿನಲ್ಲೊಂದು ಪದ್ಧತಿ. ಯಂತ್ರ ತೀರಾ ಆಳಕ್ಕೆ ಇಳಿಯುವ ದಿನ, ಎಲ್ಲರೂ ಒಂದೊಂದು ಥರ್ಮೋಕೋಲ್ ಲೋಟದ ಮೇಲೆ ಹೆಸರು ಬರೆದು, ಬಲೆಚೀಲಕ್ಕೆ ತುಂಬಿ ಯಂತ್ರದ ಚೌಕಟ್ಟಿಗೆ ಕಟ್ಟುತ್ತಾರೆ. ಮೇಲೆ ಬರುವಾಗ ಲೋಟಗಳು ದರ್ಜಿಯ ಬೆರಳಿನ ಟೋಪಿಯಷ್ಟಾಗಿರುತ್ತವೆ. ಒಳಗಿನ ಗಾಳಿಯನ್ನೆಲ್ಲ ಸಮುದ್ರ ಹಿಂಡಿಬಿಟ್ಟಿರುತ್ತದೆ. ಅಂಥದ್ದೊಂದನ್ನು ಭಾವ ಅತ್ತೆಗೆ ತಂದುಕೊಟ್ಟ.

ಅತ್ತೆ ಅದನ್ನು ಬೆರಳಲ್ಲಿ ಉರುಳಿಸಿ ನೋಡಿದರು. “ಗೊಂಬೆ ಲೋಟ. ಆಟಿಕೆ ಅಂಗಡೀಲಿ ರಾಶಿ ಹಾಕಿರ್ತಾರೆ, ಅಳಿಯಂದ್ರೆ.”

“ಅತ್ತೆ, ಸಮುದ್ರದ ತಳದಿಂದ ತಂದಿದ್ದು!”

“ತಂದೋರು ಯಾರು?”

“ನಾನೇ. ಯಂತ್ರದ ಜೊತೆ ಉಸಿರು ಬಿಗಿಹಿಡಿದು ಇಳಿದೆ. ಏಪ್ರನ್ ಬಿಚ್ಚೋಕೂ ಪುರುಸೊತ್ತಿರಲಿಲ್ಲ.”

ಅತ್ತೆ ಕೊಕ್ಕೆಸೂಜಿಯನ್ನು ಕೆಳಗಿಟ್ಟರು. “ನೋಡಿ, ನನ್ನ ಕಣ್ಣಿಗೆ ಪೊರೆ ಬಂದಿದೆ, ಕೈಗೆ ಬಂದಿಲ್ಲ. ನನ್ನ ಕೈ ಬಲ್ಲ ಸಾಮಾನು ಯಾವುದಾದರೂ ಹೀಗೆ ಚಿಕ್ಕದಾಗಿ ಬರಲಿ. ಆಗ ನಂಬ್ತೀನಿ. ಅಲ್ಲೀವರೆಗೆ ನೀವೂ ನಿಮ್ಮ ಸಮುದ್ರವೂ ಮಹಡಿ ಮೇಲೇ ಇರಿ, ನನಗೆ ಕೆಲಸ ಇದೆ.”

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ಸುಮ್ಮನಾಗುತ್ತಿದ್ದರು. ಭಾವನಿಗೆ ಆ ಮಾತು ಅಂಗಾಲಿನಿಂದ ನೆತ್ತಿಗೇರಿತು. ಮುಂದಿನ ಪ್ರಯಾಣಕ್ಕೆ ಹೊರಡುವ ಬೆಳಗ್ಗೆ, ಅತ್ತೆ ಪೊರೆ ತೆಗೆಸಿಕೊಳ್ಳಲು ಆಸ್ಪತ್ರೆಗೆ ಹೋಗಿದ್ದಾಗ, ಸ್ಟೂಲು ಹತ್ತಿ ಹಲಗೆಯ ಕೊನೆಯ ತಲೆಯನ್ನು ಇಳಿಸಿಕೊಂಡ. ಅವನ ಲೆಕ್ಕದಲ್ಲಿ ಬೋಳುತಲೆಗಳೆಲ್ಲ ಒಂದೇ. ಒಂದು ಹೋದರೆ ಪಕ್ಕದ್ದು ಕೆಲಸಕ್ಕೆ ಬರುತ್ತದೆ. ಆ ತಲೆಯ ಸುತ್ತ ಯಾರೋ ಕಾಗದದ ಮಡಿಕೆ, ಹತ್ತಿ, ಅಂಟುಪಟ್ಟಿಗಳನ್ನು ಮೆತ್ತಿದ್ದರು. “ಪಾಪ, ಅತ್ತೆಗೆ ಪೊರೆ, ಕಸ ಕಾಣಿಸಿಲ್ಲ” ಎಂದು ಮರುಗಿ ಎಲ್ಲವನ್ನೂ ಕಿತ್ತು, ಬುಟ್ಟಿಗೆ ಹಾಕಿ, ತಲೆಯನ್ನು ಚೊಕ್ಕ ಮಾಡಿ ಚೀಲದಲ್ಲಿಟ್ಟುಕೊಂಡ.

ಹಡಗಿನಲ್ಲಿ ಭಾವಮೈದುನ ಬಲೆಚೀಲ ಕಟ್ಟುವಾಗ ಕೇಳಿದ. “ಇದು ಅಮ್ಮನ ಅಂಗಡೀದಲ್ವಾ? ಅಮ್ಮನಿಗೆ ಹೇಳಿದೀರಾ?”

“ಅವರೇ ಕೇಳಿದ್ದು ಕಣೋ. ಬಿಡು ಕೆಳಗೆ.”

ಹಗ್ಗ ಬಿಚ್ಚಿಕೊಳ್ಳುತ್ತಾ ಹೋಯಿತು, ಹೋಯಿತು, ಇನ್ನೂ ಹೋಯಿತು. ಭೂಮಿಯ ಆಚೆ ಬದಿಯವರು ಹಿಡಿದೆಳೆಯುತ್ತಿದ್ದಾರೇನೋ ಎನ್ನುವಷ್ಟು ಹೋಯಿತು. ಮತ್ತೆ ಮೇಲೆ ಬಂದಾಗ ತಲೆ ಕಿತ್ತಳೆಹಣ್ಣಿನ ಗಾತ್ರಕ್ಕಿಳಿದಿತ್ತು. ಮೂಗು, ತುಟಿ, ಕಿವಿ ಎಲ್ಲ ಇದ್ದಲ್ಲೇ ಇದ್ದವು. ಆದರೆ ಮೂರೂ ಲೋಕದ ಮೇಲೆ ಮುನಿಸಿಕೊಂಡಂಥ ಮುಖ. ಭಾವ ಅದನ್ನು ಜೇಬಿನಲ್ಲಿಟ್ಟುಕೊಂಡು, ಅತ್ತೆ ಬಾಯಿ ಬಿಟ್ಟು ನಿಲ್ಲುವ ಚಿತ್ರವನ್ನು ದಾರಿಯುದ್ದಕ್ಕೂ ನೆನೆನೆನೆದು ನಕ್ಕ.

ಮನೆ ಸೇರಿದಾಗ ಮಧ್ಯಾಹ್ನ. ಹೆಂಡತಿ ಕೆಲಸಕ್ಕೆ ಹೋಗಿದ್ದಳು. ಅಂಗಡಿಯ ಹಿಂದಿನ ನಲ್ಲಿಯ ಬಳಿಯಿಂದ ಅತ್ತೆಯ ದನಿ ಕೇಳಿತು.

“ಬಂದ್ರಾ ಅಳಿಯಂದ್ರೆ? ಒಳ್ಳೇದಾಯ್ತು. ವೈದ್ಯರು ಇವತ್ತಿಂದ ಕೆಲಸ ಮಾಡಬಹುದು ಅಂದ್ರು. ಆ ನಾಟಕಶಾಲೆ ಗಾಯಕಿ ವಿಗ್ಗು ಪೆಟ್ಟಿಗೇಲಿದೆ, ಹಣೆ ಮೇಲಿನ ಸಾಲು ಮಾತ್ರ ಬಾಕಿ. ಸಂಜೆ ಹಾಕಿ ನೋಡೋಕೆ ಬರ್ತಾರೆ. ಅವರ ತಲೆ ಸ್ವಲ್ಪ ಇಳಿಸಿಡಿ, ಕೈತೊಳೆದು ಬಂದೆ.”

“ಯಾವ... ಯಾವ ತಲೆ ಅತ್ತೆ?”

“ಕೊನೇದು. ಕಾಗದ, ಪಟ್ಟಿ ಎಲ್ಲ ಸುತ್ತಿದೆ ನೋಡಿ. ಅವರ ಅಳತೆಗೆ ಸರಿಯಾಗಿ ಕೂರಿಸೋಕೆ ಎಷ್ಟು ಒದ್ದಾಡಿದೀನಿ! ಇದು ಒಪ್ಪಿಗೆಯಾದ್ರೆ ನಾಟಕಶಾಲೆಯ ಅಷ್ಟೂ ವಿಗ್ಗು ನಮಗೇ ಅಂತೆ. ಆಗದಿದ್ರೆ ಈ ಬಾಗಿಲು ಮುಚ್ಚಿ ಮಗಳ ಮನೇಲಿ ಕೂತು ಉಣ್ಣಬೇಕು. ಮಗಳ ಮನೆಯೂ ಇದೇ ಅನ್ನೋದು ಬೇರೆ ಮಾತು.”

ಭಾವನ ಜೇಬಿನಲ್ಲಿದ್ದ ಗಾಯಕಿಯ ತಲೆ ತೊಡೆಗೆ ಚುಚ್ಚಿತು. ಆ ಹೊತ್ತಿನಲ್ಲಿ ಸಾಮಾನ್ಯ ಮನುಷ್ಯ ನಿಜ ಹೇಳಿ ಪಾರಾಗುತ್ತಾನೆ. ಭಾವ ಸಾಮಾನ್ಯನಲ್ಲ. ಎರಡೇ ನೆಗೆತಕ್ಕೆ ಮಹಡಿಯ ಅಡುಗೆಮನೆ ತಲುಪಿ, ನಾಲ್ಕನೆಯ ಉಸಿರಿಗೆ ಒಂದು ಕಲ್ಲಂಗಡಿ ಹಣ್ಣನ್ನು ಅಪ್ಪಿಕೊಂಡು ಕೆಳಗಿದ್ದ. ಅದಕ್ಕೆ ಬಿಳಿ ಬಟ್ಟೆ ಸುತ್ತಿ, ಬಾಣಲೆ ಇಡುವ ಸಿಂಬಿಯ ಮೇಲೆ ಕೂರಿಸಿ, ಪೆಟ್ಟಿಗೆಯಿಂದ ವಿಗ್ ತೆಗೆದು ತೊಡಿಸಿದ. ದೂರದಿಂದ ನೋಡಿದರೆ, ಅದೂ ಬೆನ್ನು ಮಾಡಿ ನಿಂತು ನೋಡಿದರೆ, ಯಾವ ದೋಷವೂ ಕಾಣುತ್ತಿರಲಿಲ್ಲ.

ಅಷ್ಟರಲ್ಲಿ ಭಾವಮೈದುನ ಹಡಗಿನ ಚೀಲ ಹೊತ್ತು ಬಂದು, ಹೊಸ್ತಿಲ ಮೇಲೆ ಕೂತು ಸೇಬು ಕಚ್ಚತೊಡಗಿದ. ಭಾವ ಕಣ್ಣಲ್ಲೇ ಕೈಮುಗಿದ. ಅವನು ಕಣ್ಣಲ್ಲೇ ‘ನನಗೇನೂ ಗೊತ್ತಿಲ್ಲ’ ಎಂದ.

ಅತ್ತೆ ಬಂದು ಕುರ್ಚಿಯೆಳೆದು ಕೂತರು. ಹೊಸ ಕಣ್ಣಿಗೆ ಸೊಳ್ಳೆಯ ಕಾಲಿನ ರೋಮವೂ ಎಣಿಸುವಂತೆ ಕಾಣುತ್ತಿತ್ತು.

“ಬೈತಲೆ ಬಲಕ್ಕೆ ಸರಿದಿದೆ.”

“ಸರಿಯದೇ ಇರುತ್ತಾ ಅತ್ತೆ? ಭೂಮಿ ತಿರುಗುತ್ತಲ್ಲ! ಗಾಳಿ, ಸಮುದ್ರದ ಪ್ರವಾಹ ಎಲ್ಲಾನೂ ಅದು ಬಲಕ್ಕೆ ತಿರುಗಿಸುತ್ತೆ. ಕೂದಲು ಯಾವ ದೊಡ್ಡ ಮನುಷ್ಯ?”

“ಭಾವ,” ಎಂದ ಹೊಸ್ತಿಲ ಮೇಲಿನವನು, “ಅದು ಕಾಣಬೇಕಾದ್ರೆ ನೂರಾರು ಕಿಲೋಮೀಟರ್ ಹರೀಬೇಕು, ದಿನಗಟ್ಟಲೆ. ಕೈತೊಳೆಯೋ ತೊಟ್ಟೀಲೇ ಕಾಣಲ್ಲ ಅಂತ ಮೊನ್ನೆ ಹಡಗಿನ ವಿಜ್ಞಾನಿ ಮೇಡಂ ಹೇಳಿದ್ರು.”

“ನೀನು ಸೇಬು ತಿನ್ನೋ.”

ಅತ್ತೆ ಬೈತಲೆ ಸರಿಮಾಡಿ, ಬಲೆಯ ಅಂಚು ಹಿಡಿದು ಗುಂಡುಸೂಜಿ ಚುಚ್ಚಿದರು. ಎಂದಿನಂತೆ ಕರ್ ಎಂದು ಇಳಿಯಲಿಲ್ಲ. ಇನ್ನೊಂದು ಚುಚ್ಚಿ ಅದುಮಿದರು. ಹಣೆಯಿಂದ ಒಂದು ಹನಿ ಮೂಡಿ, ಇಲ್ಲದ ಮೂಗಿನ ಜಾಗದಲ್ಲಿ ನಿಧಾನವಾಗಿ ಜಾರಿತು.

“ತಲೆ ಬೆವರ್ತಿದೆ,” ಎಂದರು ಅತ್ತೆ.

“ಹುಣ್ಣಿಮೆ ಹತ್ತಿರ ಬಂತಲ್ಲ ಅತ್ತೆ. ಚಂದ್ರ ನೀರನ್ನೆಲ್ಲ ತನ್ನ ಕಡೆ ಎಳ್ಕೋತಾನೆ. ಸಮುದ್ರ ಉಬ್ಬುತ್ತೆ. ಥರ್ಮೋಕೋಲ್ ಒಳಗಿನ ತೇವವೂ...”

ಅತ್ತೆ ಹನಿಯನ್ನು ಬೆರಳಿಗೆ ತೆಗೆದುಕೊಂಡು ನಾಲಿಗೆಗೆ ಮುಟ್ಟಿಸಿದರು.

“ಸಿಹಿ ಇದೆ.”

“ಅದೂ... ಉಪ್ಪುನೀರು ಭಾರ ಅತ್ತೆ, ತಳಕ್ಕೆ ಹೋಗುತ್ತೆ. ನದಿ ಬಂದು ಸೇರೋ ಕಡೆ ಸಿಹಿನೀರು ಹಗುರ, ಮೇಲೇ ತೇಲುತ್ತೆ. ಅದಕ್ಕೇ ಹಣೆ ಮೇಲೆ...”

“ಅಳಿಯಂದ್ರೆ, ನೀವು ಹೇಳೋದೆಲ್ಲ ನಿಜವೇ ಇರಬಹುದು. ಆದ್ರೆ ಇಲ್ಲಲ್ಲ, ಬೇರೆಲ್ಲೋ.” ಅತ್ತೆ ವಿಗ್ ಎತ್ತಿ ಬದಿಗಿಟ್ಟು, ಬಟ್ಟೆಯ ಗಂಟು ಬಿಚ್ಚಿದರು. ಹಸಿರು ಪಟ್ಟೆಯ ಕಲ್ಲಂಗಡಿ ಮೂವರನ್ನೂ ನೋಡಿತು. ಹೊಸ್ತಿಲ ಮೇಲೆ ಸೇಬು ಗಂಟಲಿಗೆ ಸಿಕ್ಕಿ ಯಾರೋ ಕೆಮ್ಮಿದರು.

“ನನ್ನ ಗಾಯಕಿ ತಲೆ ಎಲ್ಲಿ?”

ಭಾವ ಜೇಬಿಗೆ ಕೈಹಾಕಿ, ಕಿತ್ತಳೆಯಷ್ಟಾಗಿದ್ದ ತಲೆಯನ್ನು ಮೇಜಿನ ಮೇಲಿಟ್ಟ. ಅತ್ತೆ ಅದನ್ನೆತ್ತಿ ಹೆಬ್ಬೆರಳಿನಿಂದ ಮೂಗು ಸವರಿದರು, ಕತ್ತಿನ ಕೆಳಗೆ ತಾವೇ ಕೊರೆದಿದ್ದ ಗುರುತನ್ನು ತಡವಿದರು. ಅವರ ಕೈ ಬಲ್ಲ ಸಾಮಾನು. ಬಾಯಿ ಬಿಟ್ಟು ನಿಂತರು ಕೂಡ. ದಾರಿಯುದ್ದಕ್ಕೂ ನೆನೆದು ನಕ್ಕಿದ್ದ ಚಿತ್ರವೇ ಎದುರಿಗಿತ್ತು, ಭಾವನಿಗೆ ಮಾತ್ರ ಅಳು ಬಂತು. ಅಳು ಬಂದಾಗ ಅವನಿಗೆ ಗೊತ್ತಿದ್ದ ಔಷಧ ಒಂದೇ.

“ಅತ್ತೆ, ನನ್ನ ತಪ್ಪಿಲ್ಲ. ಜೋಪಾನವಾಗಿ ಹಿಡ್ಕೊಂಡೇ ಇಳಿದೆ. ಮೊದಲು ಕೆಂಪು ಬಣ್ಣ ಸತ್ತುಹೋಯ್ತು. ಅಲ್ಲಿ ಕೆಂಪು ಸಿಗಡಿ ಎದುರಿಗೇ ಕೂತ್ರೂ ಕಪ್ಪು ಕತ್ತಲು, ಕಾಣಲ್ಲ. ಆಮೇಲೆ ಯಾವ ಬೆಳಕೂ ಇಲ್ಲ. ಮೇಲಿಂದ ಸತ್ತ ಜೀವಿಗಳ ಚೂರು, ಹಿಮ ಬಿದ್ದ ಹಾಗೆ ಸುರೀತಿತ್ತು. ಅಲ್ಲಿಯವರಿಗೆ ಅದೇ ಊಟ. ಆಗ ಒಂದು ದೀಪ ಬಂತು. ಹತ್ರ ಹೋದ್ರೆ ದೀಪದ ಹಿಂದೆ ಬಾಯಿ, ಬಾಯಿ ತುಂಬ ಹಲ್ಲು! ಹಣೆ ಮೇಲೆ ಕೋಲು, ಕೋಲಿನ ತುದೀಲಿ ಲಾಂದ್ರ. ಹೆಣ್ಣು ಮೀನು. ಅದರ ಗಂಡ ಎಲ್ಲಿದ್ದ ಗೊತ್ತಾ? ಹೊಟ್ಟೆಗೆ ಕಚ್ಚಿಕೊಂಡಿದ್ದ. ಕಚ್ಚಿಕೊಂಡವನು ಅಲ್ಲೇ ಅಂಟಿಹೋಗ್ತಾನೆ, ಕಣ್ಣು ಕಳ್ಕೋತಾನೆ, ಅವಳ ರಕ್ತದಲ್ಲೇ ಬದುಕ್ತಾನೆ. ಬೇಟೆ, ಮನೆ, ಏನೂ ಚಿಂತೆಯಿಲ್ಲ.”

“ಮನೆಅಳಿಯ,” ಎಂದರು ಅತ್ತೆ.

ಭಾವಮೈದುನ ಸೇಬನ್ನು ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡ.

“ಆ ಮೀನಿನ ಜೊತೆ ಗುದ್ದಾಡಿ ತಲೆ ಬಿಡಿಸ್ಕೊಂಡು ಬಂದೆ ಅತ್ತೆ. ಅಷ್ಟರಲ್ಲಿ ನೀರಿನ ಭಾರಕ್ಕೆ ಹೀಗಾಗಿತ್ತು.”

“ಭಾರಕ್ಕೆ ಹೀಗಾಯ್ತು.” ಅತ್ತೆ ಪುಟ್ಟ ತಲೆಯನ್ನು ಭಾವನ ತಲೆಯ ಪಕ್ಕ ಹಿಡಿದು ಅಳೆದರು. “ನೀವೂ ಜೊತೆಗೇ ಇದ್ರಿ. ನಿಮ್ಮದು ಯಾಕೆ ಹಾಗೇ ಇದೆ?”

ಈ ಪ್ರಶ್ನೆಗೆ ಉತ್ತರ ಗೊತ್ತಿದ್ದದ್ದೇ ಭಾವನಿಗೆ ಮುಳುವಾಯಿತು. ಎದೆಯುಬ್ಬಿಸಿ ಹೇಳಿದ. “ಥರ್ಮೋಕೋಲ್ ತುಂಬ ಗಾಳಿ ಅತ್ತೆ. ನೀರು ಹಿಂಡೋದು ಗಾಳೀನ. ತಳದ ಪ್ರಾಣಿಗಳ ಮೈಯಲ್ಲಿ ಗಾಳಿ ಚೀಲವೇ ಇರಲ್ಲ. ಬರೀ ನೀರು, ಲೋಳೆ. ಒಳಗೂ ಅಷ್ಟೇ ಒತ್ತಡ, ಹೊರಗೂ ಅಷ್ಟೇ, ಆರಾಮ. ನನ್ನ ಒಳಗೂ ಗಾಳಿ ಇರಲಿಲ್ಲ. ಅದಕ್ಕೇ ಏನೂ ಆಗಲಿಲ್ಲ.”

“ಓಹೋ. ಉಸಿರು ಬಿಗಿಹಿಡಿದು ಇಳಿದೆ ಅಂದ್ರಲ್ಲ, ಏನನ್ನ ಬಿಗಿಹಿಡಿದಿದ್ರಿ?”

ಭಾವನ ಬಾಯಿ ಒಂದು ಸಲ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು. ಅವನ ಜೀವಮಾನದಲ್ಲಿ ಮೊದಲ ಬಾರಿಗೆ ಒಳಗಿನಿಂದ ಏನೂ ಬರಲಿಲ್ಲ.

ಅತ್ತೆ ಬಯ್ಯಲಿಲ್ಲ. ಬಯ್ದಿದ್ದರೆ ಭಾವ ಬದುಕಿಕೊಳ್ಳುತ್ತಿದ್ದ. ಅವರು ಅಳತೆಪಟ್ಟಿ ತೆಗೆದು, ಗೋಡೆಯ ಮೇಲೆ ಸೀಸದಕಡ್ಡಿಯಲ್ಲಿ ಗೀಚಿದ್ದ ಗಾಯಕಿಯ ಅಳತೆ ನೋಡಿ, ಮಗನ ತಲೆ ಅಳೆದರು. ದೊಡ್ಡದು. ತಮ್ಮದು ಅಳೆದುಕೊಂಡರು. ಚಿಕ್ಕದು. ಭಾವನ ತಲೆಗೆ ಪಟ್ಟಿ ಸುತ್ತಿ, ಒಂದು ಪದರ ಹತ್ತಿ ಇಟ್ಟು ಮತ್ತೆ ಸುತ್ತಿದರು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

“ಕೂತ್ಕೊಳ್ಳಿ.”

“ಅತ್ತೆ!”

“ಕೂತ್ಕೊಳ್ಳಿ ಅಂದೆ. ಬೇರೆ ತಲೆಗೆ ಮೊದಲಿಂದ ಹತ್ತಿ ಮೆತ್ತಿ ಕೂರಿಸೋಕೆ ಹೊತ್ತಿಲ್ಲ, ಗಾಯಕಿ ಬರೋದ್ರೊಳಗೆ ಹಣೆ ಸಾಲು ಮುಗಿಸ್ಬೇಕು. ಬೇರೆಯವರು ತಲೆಗೆ ಹಾಕಿದ ವಿಗ್ಗು ಅಂತ ಗೊತ್ತಾದ್ರೆ ಆಯಮ್ಮ ಮುಟ್ಟೋದೂ ಇಲ್ಲ. ಅಲ್ಲಾಡಬೇಡಿ, ಮಾತಾಡಬೇಡಿ, ಸೀನಲೇಬೇಡಿ.”

ಭಾವ ಕೂತ. ಭುಜದ ಮೇಲೆ ಕಪ್ಪು ಗುಂಗುರು ಕೂದಲು ಅಲೆಯಲೆಯಾಗಿ ಇಳಿಯಿತು. ಅತ್ತೆ ಅವನ ಹಣೆಯ ಮುಂದೆ ಬಾಗಿ ಕೊಕ್ಕೆಸೂಜಿ ಆಡಿಸತೊಡಗಿದರು. ಒಂದು ಗಂಟು, ಇನ್ನೊಂದು ಗಂಟು. ಮೂಗಿನ ತುದಿ ತುರಿಸಿತು, ಕಿವಿಯ ಹಿಂದೆ ತುರಿಸಿತು, ಆಮೇಲೆ ತುರಿಸಲು ಸಾಧ್ಯವೆಂದು ಅವನಿಗೆ ತಿಳಿದೇ ಇರದ ಜಾಗಗಳಲ್ಲೆಲ್ಲ ತುರಿಸಿತು. ಇದಕ್ಕಿಂತ ನಾಲ್ಕು ಸಾವಿರ ಮೀಟರ್ ನೀರಿನ ಕೆಳಗೆ ಇರುವುದು ಸುಖ ಎನಿಸಿತು.

ಹಣೆಯ ಸಾಲು ಎಡಗಿವಿಯ ಕಡೆ ಒಂದು ಬೆರಳಗಲ ಬಾಕಿಯಿದ್ದಾಗ ಬಾಗಿಲ ಗಂಟೆ ಕಿಣಿಗುಟ್ಟಿತು. ಗಾಯಕಿ ಹೇಳಿದ ಹೊತ್ತಿಗಿಂತ ಮುಂಚೆಯೇ ಬಂದಿದ್ದರು. ಎತ್ತರದ ಹೆಂಗಸು. ಬಾಗಿಲಲ್ಲೇ ನಿಂತು, ತಮ್ಮ ಕೂದಲು ಹೊತ್ತು ಕೂತಿದ್ದ ಮೀಸೆಯವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

ಅತ್ತೆಯ ಸೂಜಿ ನಿಂತಿತು. ಅವರು ಭಾವನ ಕಿವಿಯ ಬಳಿ ಬಾಗಿ, ತುಟಿಯಲ್ಲಾಡಿಸದೆ ಪಿಸುಗುಟ್ಟಿದರು. “ಅಳಿಯಂದ್ರೆ, ಈಗ ಏನಾದ್ರೂ ಬಿಡಿ. ದೊಡ್ಡದಾಗಿ ಬಿಡಿ.”

ಇಷ್ಟು ವರ್ಷಗಳಲ್ಲಿ ಯಾರೂ ಅವನಿಗೆ ಹೀಗೆ ಅಪ್ಪಣೆ ಕೊಟ್ಟಿರಲಿಲ್ಲ. ಭಾವ ಗಂಟಲು ಸರಿಮಾಡಿಕೊಂಡ.

“ನಮಸ್ಕಾರ ಅಮ್ಮಾ. ಇದು ನನ್ನದೇ ಕೂದಲು.”

ಗಾಯಕಿ ಹತ್ತಿರ ಬಂದರು. “ನಿಮ್ಮದೇ?”

“ಹುಟ್ಟಿದಾಗಿಂದ.”

“ಹಣೆಯ ಈ ಬದಿಯಲ್ಲಿ ಬಲೆ ಬೆಳೆದಿದೆ. ಅದೂ ಹುಟ್ಟಿದಾಗಿಂದಲಾ?” ಅವರು ಕೈಚಾಚಿ ತುದಿಬೆರಳಿಂದ ಒಂದು ಗುಂಡುಸೂಜಿ ಕಿತ್ತು ಅವನ ಕಣ್ಣೆದುರಿಗೆ ಹಿಡಿದರು. “ಇದು ಯಾರ ವಿಗ್ಗು ಅಂತ ನನಗೆ ಗೊತ್ತು. ನನ್ನ ಅಳತೆಯ ತಲೆ ಏನಾಯ್ತು? ಅದನ್ನ ಹೇಳಿ.”

ಭಾವ ಅತ್ತೆಯ ಕಡೆ ನೋಡಿದ. ಆ ಮುಖದಲ್ಲಿ ಬಣ್ಣವಿರಲಿಲ್ಲ. ಆಳದಲ್ಲಿ ಮೊದಲು ಸಾಯುವ ಕೆಂಪು ಅಲ್ಲಿಂದಲೂ ಹೋಗಿತ್ತು. ಇನ್ನೊಂದು ಸುಳ್ಳು ನಾಲಿಗೆಯ ತುದಿಯವರೆಗೆ ಬಂದು, ಆ ಮುಖ ಕಂಡು ಹಿಂದಕ್ಕೆ ಹೋಯಿತು.

“ಇಗೋ,” ಎಂದು ಮೇಜಿನ ಮೇಲಿದ್ದ ಕಿತ್ತಳೆಯಷ್ಟು ತಲೆಯನ್ನು ತೋರಿಸಿದ. “ಅತ್ತೆಗೆ ಗೊತ್ತಿಲ್ಲದ ಹಾಗೆ ನಾನು ತಗೊಂಡ್ಹೋದೆ. ಹಡಗಿನ ಯಂತ್ರಕ್ಕೆ ಕಟ್ಟಿಸಿದೆ. ಸಮುದ್ರದ ತಳಕ್ಕೆ ಹೋಗಿ ಬಂತು. ನೀರಿನ ಭಾರಕ್ಕೆ ಹೀಗಾಯ್ತು. ಇದು ಬುರುಡೆಯಲ್ಲ ಅಮ್ಮಾ, ಬೇಕಾದ್ರೆ ಅವನನ್ನ ಕೇಳಿ.”

“ನಿಜ,” ಎಂದ ಭಾವಮೈದುನ. “ನಾನೇ ಇಳಿಸಿದ್ದು.”

ಗಾಯಕಿ ಅದನ್ನು ಅಂಗೈಯಲ್ಲಿಟ್ಟುಕೊಂಡರು. ಮೂಗು ನೋಡಿದರು, ಮುನಿದ ತುಟಿ ನೋಡಿದರು.

“ನನ್ನ ತಲೆ,” ಎಂದರು ನಿಧಾನವಾಗಿ, “ಸಮುದ್ರದ ತಳ ಮುಟ್ಟಿ ಬಂದಿದೆ.”

“ಹೌದಮ್ಮಾ.”

“ನಮ್ಮ ನಾಟಕಶಾಲೆಯಲ್ಲಿ ಇನ್ಯಾರ ತಲೆಯಾದರೂ ಹೋಗಿದೆಯಾ?”

“ಯಾರದೂ ಇಲ್ಲ.”

ಗಾಯಕಿ ಆ ತಲೆಯನ್ನು ಕರವಸ್ತ್ರದಲ್ಲಿ ಸುತ್ತಿ ಕೈಚೀಲಕ್ಕೆ ಹಾಕಿಕೊಂಡರು. ಕುರ್ಚಿಯೆಳೆದು, ಕಾಲ ಮೇಲೆ ಕಾಲು ಹಾಕಿ ಕೂತರು. ನಾಳೆ ನಾಟಕಶಾಲೆಯಲ್ಲಿ ಈ ಕಥೆ ಎಷ್ಟು ಮಾರುದ್ದ ಆಗಲಿದೆಯೆಂದು ಭಾವ ಆ ಕಣ್ಣುಗಳಲ್ಲೇ ಓದಿದ. ಅದು ಅವನಿಗೆ ಚೆನ್ನಾಗಿ ಪರಿಚಯವಿದ್ದ ಹೊಳಪು.

“ಆ ಬೆರಳಗಲವನ್ನೂ ಮುಗಿಸಿಬಿಡಿ ಅಮ್ಮಾ, ನಾನು ಕಾಯ್ತೀನಿ,” ಎಂದರು ಅತ್ತೆಗೆ. “ಆಮೇಲೆ ಒಂದು ಸಲ ತೊಳೆದುಕೊಡಿ. ಉಳಿದವರ ಅಳತೆ ತಗೊಳ್ಳೋಕೆ ನಾಳೆ ನಾಟಕಶಾಲೆಗೆ ಬನ್ನಿ.” ಆಮೇಲೆ ಭಾವನ ಕಡೆ ಬಾಗಿದರು. “ಈಗ ಪೂರ್ತಿ ಹೇಳಿ. ಅಷ್ಟು ಆಳದಲ್ಲಿ, ಆ ಕತ್ತಲಲ್ಲಿ, ನನ್ನ ತಲೆಯ ಜೊತೆ ಯಾರಿದ್ದರು? ನೀವೇ ಇದ್ದಿರಾ?”

ಅಬ್ಬಾ, ಎಂಥ ಪ್ರಶ್ನೆ! ಹೂಂ ಎಂದರೆ ಸಾಕಿತ್ತು. ಭಾವನ ಎದೆ ತಾನಾಗಿಯೇ ಉಬ್ಬಿತು. ಹಣೆಗೆ ಕೊಕ್ಕೆಸೂಜಿಯ ತುದಿ ಮೆಲ್ಲಗೆ ತಾಗಿತು. ಅತ್ತೆ ಕಾಯುತ್ತಿದ್ದರು.

ಉಬ್ಬಿದ ಎದೆ ಇಳಿಯಿತು.

“ಇಲ್ಲಮ್ಮಾ. ಹಡಗು ಅಲ್ಲಾಡಿದ್ರೆ ನನಗೆ ವಾಂತಿ ಬರುತ್ತೆ. ಯಂತ್ರ ಇಳಿಸುವಾಗೆಲ್ಲ ನಾನು ಉಗ್ರಾಣದಲ್ಲಿ, ಈರುಳ್ಳಿ ಮೂಟೆ ಮೇಲೆ, ಕಣ್ಣು ಮುಚ್ಕೊಂಡು ಮಲಗಿರ್ತೀನಿ. ಅಂಚಿನ ಕಟಕಟೆ ಹತ್ರ ಹೋಗಿ ನೀರನ್ನ ಬಗ್ಗಿ ನೋಡಿದ್ದೂ ಇಲ್ಲ. ನನಗೆ ಈಜೂ ಬರಲ್ಲ.”